ಹಿಮಶಿಖರ ಏರಿದ ಜಗದ್ಗುರು



ಬಳ್ಳಿಗಾವಿಗೆ ಹೋದವರು ಅಲ್ಲಿನ ಕೇದಾರೇಶ್ವರ ದೇವಾಲಯವನ್ನು ನೋಡದೆ ಬರುವುದಿಲ್ಲ. ಹಳೆಯ ಶಾಸನಗಳು ಆ ಕ್ಷೇತ್ರವನ್ನು ದಕ್ಷಿಣ ಕೇದಾರ ಎಂದು ಕರೆದಿವೆ. ಗದ್ದೆ, ಕೆರೆಗಳ ನಡುವೆ ಬಾಳಿದ ಜನರು ದೂರದ ಹಿಮಾಲಯದ ಹೆಸರನ್ನು ತಮ್ಮೂರಿಗೆ ತಂದುಕೊಂಡರು. ಎತ್ತರದ ಬೆಟ್ಟ ಎಲ್ಲ ಕಾಲದಲ್ಲೂ ಮನುಷ್ಯರ ಮನಸ್ಸನ್ನು ದೇವರ ಕಡೆಗೆ ತಿರುಗಿಸಿದೆ. ಮೋಶೆ ಸೀನಾಯ್ ಬೆಟ್ಟ ಹತ್ತಿದನು. ಪ್ರಭು ಯೇಸು ಪ್ರಾರ್ಥನೆಗೆಂದು ಬೆಟ್ಟಕ್ಕೆ ಹೋಗುತ್ತಿದ್ದರು. ಆದರೆ ಸೊಂಟಕ್ಕೆ ಹಗ್ಗ ಬಿಗಿದು, ಮಂಜಿನ ಗೋಡೆಯನ್ನು ಏರಿದ ಒಬ್ಬ ಗುರುಗಳು ಮುಂದೆ ಜಗದ್ಗುರುಗಳಾದರೆಂಬುದು ನಿಮಗೆ ಗೊತ್ತೇ?

ಅವರ ಹೆಸರು ಅಕಿಲ್ಲೆ ರಾತ್ತಿ. ಇಟಲಿಯ ಮಿಲಾನ್ ನಗರದ ಸಮೀಪ ದೇಸಿಯೋ ಎಂಬ ಊರಿನಲ್ಲಿ 1857ರ ಮೇ 31ರಂದು ಹುಟ್ಟಿದರು. ತಂದೆ ರೇಷ್ಮೆ ಕಾರ್ಖಾನೆಯೊಂದರ ಮೇಲ್ವಿಚಾರಕರು. 1879ರಲ್ಲಿ ಗುರುದೀಕ್ಷೆ ಪಡೆದ ಅಕಿಲ್ಲೆ, ಕೆಲವು ವರ್ಷ ಗುರುಮಠದಲ್ಲಿ ಪಾಠ ಹೇಳಿ, 1888ರಲ್ಲಿ ಮಿಲಾನಿನ ಅಂಬ್ರೋಸಿಯನ್ ಗ್ರಂಥಾಲಯದ ಸೇವೆಗೆ ಸೇರಿದರು. ವರ್ಷವಿಡೀ ಹಳೆಯ ಹಸ್ತಪ್ರತಿಗಳ ನಡುವೆ ಕುಳಿತಿರುತ್ತಿದ್ದ ಈ ವಿದ್ವಾಂಸರು ಬೇಸಿಗೆಯ ರಜೆ ಬಂದರೆ ಆಲ್ಪ್ಸ್ ಪರ್ವತಗಳಿಗೆ ಹೊರಟುಬಿಡುತ್ತಿದ್ದರು.

ಇಟಲಿ ಮತ್ತು ಸ್ವಿಟ್ಜರ್ಲೆಂಡ್ ಗಡಿಯಲ್ಲಿ ಮೊಂಟೆ ರೋಸಾ ಎಂಬ ಪರ್ವತವಿದೆ. ರೋಸಾ ಎಂದರೆ ಗುಲಾಬಿ ಎಂದುಕೊಳ್ಳಬೇಡಿ. ಹಿಮನದಿ ಎಂಬ ಅರ್ಥದ ಅಲ್ಲಿನ ಆಡುಮಾತಿನಿಂದ ಈ ಹೆಸರು ಬಂದಿದೆ. ಹಲವು ಶಿಖರಗಳುಳ್ಳ ಈ ಪರ್ವತದ ತುತ್ತತುದಿ ಡುಫೂರ್ ಶಿಖರ. ಅದರ ಎತ್ತರ 4,634 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಅಂದರೆ ಎರಡು ಮುಳ್ಳಯ್ಯನಗಿರಿಗಳನ್ನು ಒಂದರ ಮೇಲೊಂದು ಇಟ್ಟರೂ ಅಷ್ಟಾಗದು! 1855ರ ಆಗಸ್ಟ್ 1ರಂದು ಮೊದಲ ಬಾರಿಗೆ ಮನುಷ್ಯರು ಆ ತುದಿಯನ್ನು ಮುಟ್ಟಿದರು. ಅವರು ಹತ್ತಿದ್ದು ಸ್ವಿಟ್ಜರ್ಲೆಂಡಿನ ಬದಿಯಿಂದ.

ಇಟಲಿಯ ಕಡೆಯ ಪೂರ್ವ ಮುಖದ ಮಾತೇ ಬೇರೆ. ಮಕುನ್ಯಾಗ ಎಂಬ ಹಳ್ಳಿಯ ಮೇಲೆ ಸುಮಾರು 2,400 ಮೀಟರ್ ಎತ್ತರಕ್ಕೆ ನಿಂತಿರುವ ಹಿಮದ ಗೋಡೆ ಅದು. ಬಿಸಿಲು ಏರಿದಂತೆ ಹಿಮ ಸಡಿಲಗೊಂಡು ಕುಸಿದು ಬೀಳುತ್ತದೆ. 1872ರಲ್ಲಿ ಮಾರ್ಗದರ್ಶಿ ಫರ್ಡಿನಾಂಡ್ ಇಮ್ಸೆಂಗ್ ನೇತೃತ್ವದಲ್ಲಿ ಕೆಲವರು ಅದನ್ನು ಮೊದಲು ಏರಿದರು. 1881ರಲ್ಲಿ ಅದೇ ಇಮ್ಸೆಂಗ್, ಡಾಮಿಯಾನೋ ಮರಿನೆಲ್ಲಿ ಮತ್ತು ಇನ್ನೊಬ್ಬ ಮಾರ್ಗದರ್ಶಿ ಹಿಮಕುಸಿತಕ್ಕೆ ಸಿಕ್ಕಿ ಅಲ್ಲಿಯೇ ಪ್ರಾಣ ಬಿಟ್ಟರು.

ಇದೆಲ್ಲ ತಿಳಿದಿದ್ದೂ 1889ರ ಜುಲೈ ಕೊನೆಯಲ್ಲಿ ಅಕಿಲ್ಲೆ ರಾತ್ತಿ ತಮ್ಮ ಮಿತ್ರ ಲುಯಿಜಿ ಗ್ರಸೆಲ್ಲಿಯವರೊಡನೆ ಅಲ್ಲಿಗೆ ಹೋದರು. ಆದರೆ ಹುಚ್ಚು ಧೈರ್ಯದಿಂದಲ್ಲ. ಗಾದಿನ್ ಮತ್ತು ಪ್ರೋಮೆಂಟ್ ಎಂಬ ಇಬ್ಬರು ನುರಿತ ಮಾರ್ಗದರ್ಶಿಗಳು ಜೊತೆಗಿದ್ದರು. ಹಿಮ ಗಟ್ಟಿಯಾಗಿರುವಾಗಲೇ ಅಪಾಯದ ಜಾಗ ದಾಟಬೇಕೆಂದು ನಡುರಾತ್ರಿ ಕಳೆದೊಡನೆ ಹೊರಟರು. ದಿನವಿಡೀ ಏರಿದರು. ಶಿಖರದ ಬಳಿ ಬರುವಷ್ಟರಲ್ಲಿ ಸಂಜೆಯಾಗಿತ್ತು.

ಆಗ ಏನು ಮಾಡಬೇಕು? ಕತ್ತಲಲ್ಲಿ ಮುಂದೆ ಸಾಗಿದರೆ ಜಾರಿ ಬೀಳುವ ಭಯ; ನಿಂತರೆ ಚಳಿಗೆ ಸೆಟೆದುಹೋಗುವ ಭಯ. ಅವರು ನಿಲ್ಲುವುದನ್ನೇ ಆರಿಸಿಕೊಂಡರು. ಸುಮಾರು 4,600 ಮೀಟರ್ ಎತ್ತರದಲ್ಲಿ, ಒಂದು ಇಕ್ಕಟ್ಟಾದ ಬಂಡೆಯಂಚಿನ ಮೇಲೆ ಇಡೀ ರಾತ್ರಿ ಕಳೆದರು. ಕೆಳಗೆ ಪ್ರಪಾತ, ಮೇಲೆ ನಕ್ಷತ್ರಗಳು. ನಿದ್ದೆ ಮಾಡುವಂತಿಲ್ಲ, ಹೆಜ್ಜೆ ಇಡುವಂತಿಲ್ಲ. ಬೆಳಕು ಹರಿದ ಮೇಲೆ ಡುಫೂರ್ ಶಿಖರವನ್ನು ಮುಟ್ಟಿ, ಹಿಂದೆ ಯಾರೂ ದಾಟದಿದ್ದ ಜುಮ್‌ಸ್ಟೈನ್ ಕಣಿವೆಯ ದಾರಿಯಾಗಿ ಇನ್ನೊಂದು ಬದಿಗೆ ಇಳಿದರು. ಮರುವರ್ಷ ಮೋಂಬ್ಲಾಂ ಪರ್ವತದಿಂದ ಅವರು ಇಳಿದುಬಂದ ಹೊಸ ದಾರಿ ಇಂದಿಗೂ ಬಳಕೆಯಲ್ಲಿದೆ.

ಅಕಿಲ್ಲೆ ರಾತ್ತಿ 1921ರಲ್ಲಿ ಮಿಲಾನಿನ ಮಹಾಧರ್ಮಾಧ್ಯಕ್ಷರೂ ಕಾರ್ಡಿನಲರೂ ಆದರು. 1922ರ ಫೆಬ್ರವರಿ 6ರಂದು ಜಗದ್ಗುರುಗಳಾಗಿ ಆಯ್ಕೆಯಾಗಿ ಹನ್ನೊಂದನೆಯ ಪಿಯುಸ್ ಎಂಬ ಹೆಸರು ಪಡೆದರು. ಇಲ್ಲಿ ಒಂದು ವಿಷಯ ಗಮನಿಸಿ. 1870ರಲ್ಲಿ ಇಟಲಿ ರೋಮ್ ನಗರವನ್ನು ವಶಪಡಿಸಿಕೊಂಡಂದಿನಿಂದ ಜಗದ್ಗುರುಗಳು ವ್ಯಾಟಿಕನ್ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಆಲ್ಪ್ಸ್ ಪರ್ವತಗಳಲ್ಲಿ ತಿರುಗಾಡಿದ ಕಾಲುಗಳಿಗೆ ಆ ತೋಟದ ಹಾದಿಗಳೇ ಮಿತಿಯಾದವು! ಅವರು ಗೊಣಗಲಿಲ್ಲ. ಆಯ್ಕೆಯಾದ ದಿನವೇ ಸಂತ ಪೇತ್ರರ ಚೌಕದತ್ತ ಮುಖ ಮಾಡಿ ಹೊರಗಿನ ಮೊಗಸಾಲೆಯಿಂದ ಆಶೀರ್ವಾದ ನೀಡಿದರು. 1870ರ ನಂತರ ಹಾಗೆ ಮಾಡಿದವರಲ್ಲಿ ಅವರೇ ಮೊದಲಿಗರು. ಏಳು ವರ್ಷ ತಾಳ್ಮೆಯಿಂದ ಕಾದು, 1929ರ ಫೆಬ್ರವರಿ 11ರಂದು ಲ್ಯಾಟರನ್ ಒಪ್ಪಂದದ ಮೂಲಕ ಆ ಹಳೆಯ ಜಗಳವನ್ನು ಮುಗಿಸಿದರು. 1937ರಲ್ಲಿ ನಾಜಿ ಆಡಳಿತವನ್ನು ಖಂಡಿಸಿದ ಅವರ ಪತ್ರ ಗುಟ್ಟಾಗಿ ಜರ್ಮನಿ ತಲುಪಿ, ಗರಿಗಳ ಭಾನುವಾರದಂದು ದೇವಾಲಯಗಳಲ್ಲಿ ಓದಲ್ಪಟ್ಟಿತು.

ಶಿಖರಗಳಿಗೆ ಅವರು ಮರಳಲಿಲ್ಲ, ಆದರೆ ಮರೆಯಲೂ ಇಲ್ಲ. ಆಲ್ಪ್ಸ್ ಕಣಿವೆದಾರಿಗಳಲ್ಲಿ ಪ್ರಯಾಣಿಕರಿಗಾಗಿ ಆಶ್ರಯಗಳನ್ನು ಕಟ್ಟಿದ ಸಂತ ಬೆರ್ನಾರ್ಡರನ್ನು 1923ರಲ್ಲಿ ಪರ್ವತಾರೋಹಿಗಳ ಪಾಲಕರೆಂದು ಘೋಷಿಸಿದರು. 1939ರ ಫೆಬ್ರವರಿ 10ರಂದು ನಿಧನರಾದಾಗ, ಒಪ್ಪಂದದ ಹತ್ತನೆಯ ವರ್ಷ ತುಂಬಲು ಒಂದೇ ದಿನ ಉಳಿದಿತ್ತು.

ತಂದೆತಾಯಿಗಳೇ, ನಿಮ್ಮ ಮಕ್ಕಳು ಚಂದ್ರಗುತ್ತಿಗೋ ಕೊಡಚಾದ್ರಿಗೋ ಹೊರಟಾಗ ಈ ಕಥೆಯನ್ನು ಹೇಳಿ. ದಾರಿ ಬಲ್ಲವರ ಮಾತು ಕೇಳಲಿ, ಹೊತ್ತು ನೋಡಿ ಹೊರಡಲಿ. ನಮ್ಮ ನಿಮ್ಮ ಮನೆಗಳಲ್ಲೂ ಮುಂದೆ ಹೋಗಲಾಗದ, ಹಿಂದಕ್ಕೆ ಬರಲಾಗದ ರಾತ್ರಿಗಳು ಬರುತ್ತವೆ: ಕಾಯಿಲೆ, ಸಾಲ, ಮನಸ್ತಾಪ. ಆಗ ದುಡುಕದೆ, ಜೊತೆಯವರ ಕೈ ಬಿಡದೆ, ಬೆಳಗಾಗುವ ತನಕ ನಿಲ್ಲುವುದೂ ಒಂದು ಧೈರ್ಯವೇ. ಆ ಇಕ್ಕಟ್ಟಾದ ಬಂಡೆಯ ಮೇಲೆ ನಿಂತವರು ಮುಂದೆ ದೊಡ್ಡ ಹೊಣೆಯನ್ನೂ ಹಾಗೆಯೇ ಹೊತ್ತರು.