ಹನ್ನೆರಡು ಹೊಡೆತಗಳ ಅಂತರ: ಬೇಬ್ ಜಹಾರಿಯಸ್ ಮತ್ತು 1954ರ ಗಾಲ್ಫ್ ಋತು

1954ರ ಜುಲೈ 3. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಪೀಬಡಿ ಎಂಬಲ್ಲಿನ ಸೇಲಂ ಕಂಟ್ರಿ ಕ್ಲಬ್ಬಿನ ಮೈದಾನದಲ್ಲಿ ಆ ದೇಶದ ಮಹಿಳಾ ಗಾಲ್ಫಿನ ಅತ್ಯುನ್ನತ ಪಂದ್ಯವಾದ ಯು.ಎಸ್. ವಿಮೆನ್ಸ್ ಓಪನ್‌ನ ಕೊನೆಯ ದಿನ. ಅಂದಿನ ಪದ್ಧತಿಯಂತೆ ಕೊನೆಯ ಎರಡು ಸುತ್ತುಗಳನ್ನು ಒಂದೇ ದಿನದಲ್ಲಿ ಆಡಿ ಮುಗಿಸಬೇಕಿತ್ತು. ಬೆಳಿಗ್ಗೆ 18 ಕುಳಿ, ಮಧ್ಯಾಹ್ನ ಮತ್ತೆ 18 ಕುಳಿ. ಬೇಸಿಗೆಯ ಬಿಸಿಲಿನಲ್ಲಿ ಏರುತಗ್ಗುಗಳ ಮೈಲಿಗಟ್ಟಲೆ ನಡಿಗೆ. ಅಲ್ಲಿ ಮುಂದಿದ್ದ ಆಟಗಾರ್ತಿಗೆ ನಲವತ್ತಮೂರು ವರ್ಷ ತುಂಬಿ ಒಂದು ವಾರವಷ್ಟೇ ಕಳೆದಿತ್ತು. ಅವರ ಹೊಟ್ಟೆಯ ಮೇಲೆ ಶಸ್ತ್ರಚಿಕಿತ್ಸಕರು ಮಾಡಿದ ಒಂದು ದ್ವಾರವಿತ್ತು. ಹದಿನಾಲ್ಕು ತಿಂಗಳ ಹಿಂದೆ ಕ್ಯಾನ್ಸರ್ ಅವರ ಗುದನಾಳವನ್ನು ಬಲಿ ತೆಗೆದುಕೊಂಡಿತ್ತು.

ಅವರ ಹೆಸರು ಬೇಬ್ ಜಹಾರಿಯಸ್.

ಗಾಲ್ಫ್ ನಮ್ಮ ಶಾಲಾ ಮೈದಾನಗಳ ಆಟವಲ್ಲ. ಆದುದರಿಂದ ಮಕ್ಕಳಿಗಾಗಿ ಎರಡು ಮಾತು. ಸಣ್ಣ ಚೆಂಡನ್ನು ಕೋಲಿನಿಂದ ಹೊಡೆಯುತ್ತ ದೂರದಲ್ಲಿರುವ ಕುಳಿಯೊಳಗೆ ಬೀಳಿಸುವುದು ಈ ಆಟ. ಹದಿನೆಂಟು ಕುಳಿಗಳಾದರೆ ಒಂದು ಸುತ್ತು. ಬೇರೆ ಆಟಗಳಲ್ಲಿ ಹೆಚ್ಚು ಅಂಕ ಗಳಿಸಿದವರು ಗೆಲ್ಲುತ್ತಾರೆ. ಇಲ್ಲಿ ಕಡಿಮೆ ಹೊಡೆತಗಳಲ್ಲಿ ಮುಗಿಸಿದವರು ಗೆಲ್ಲುತ್ತಾರೆ. ನಾಲ್ಕು ಸುತ್ತು ಆಡಿದ ಮೇಲೂ ಮೊದಲಿಗರಿಗೂ ಎರಡನೆಯವರಿಗೂ ಒಂದೆರಡು ಹೊಡೆತಗಳ ವ್ಯತ್ಯಾಸವಿರುವುದೇ ಸಾಮಾನ್ಯ. ವೃತ್ತಿಪರ ಆಟಗಾರರು ಊರಿಂದೂರಿಗೆ ಹೋಗುತ್ತ ವರ್ಷವಿಡೀ ಆಡುವ ಪಂದ್ಯಗಳ ಸಾಲಿಗೆ ಟೂರ್ ಎಂದು ಹೆಸರು.

ಬೇಬ್ ಅವರ ನಿಜನಾಮ ಮಿಲ್ಡ್ರೆಡ್. 1911ರ ಜೂನ್ 26ರಂದು ಟೆಕ್ಸಸ್ ರಾಜ್ಯದ ಪೋರ್ಟ್ ಆರ್ಥರ್ ಎಂಬ ಬಂದರು ಪಟ್ಟಣದಲ್ಲಿ ಅವರ ಜನನ. ತಂದೆ ಓಲೆ, ತಾಯಿ ಹಾನ್ನಾ. ಇಬ್ಬರೂ ನಾರ್ವೆಯಿಂದ ವಲಸೆ ಬಂದವರು. ಏಳು ಮಕ್ಕಳಲ್ಲಿ ಈಕೆ ಆರನೆಯವರು. ತಂದೆ ಬಡಗಿ, ಮೊದಲು ಹಡಗುಗಳಲ್ಲಿ ದುಡಿದವರು. 1915ರ ಭೀಕರ ಚಂಡಮಾರುತದ ಬಳಿಕ ಈ ಕುಟುಂಬ ಸಮೀಪದ ಬೋಮಾಂಟ್ ಪಟ್ಟಣಕ್ಕೆ ಬಂದು ನೆಲೆಸಿತು. ಮನೆಯಲ್ಲಿ ಹಣಕ್ಕೆ ಸದಾ ತಾಪತ್ರಯ. ತಾಯಿ ಬೇರೆಯವರ ಬಟ್ಟೆ ಒಗೆದು ಸಂಸಾರಕ್ಕೆ ನೆರವಾಗುತ್ತಿದ್ದರು. ಹೀಗಿದ್ದರೂ ತಂದೆ ಹಿತ್ತಿಲಿನಲ್ಲಿ ಮಕ್ಕಳಿಗಾಗಿ ವ್ಯಾಯಾಮದ ಸಲಕರಣೆಗಳನ್ನು ತಾವೇ ಕಟ್ಟಿಕೊಟ್ಟರು. ಪೊರಕೆಯ ಕೋಲಿಗೆ ತಾಯಿಯ ಇಸ್ತ್ರಿಪೆಟ್ಟಿಗೆಗಳನ್ನು ಕಟ್ಟಿದರೆ ಅದೇ ಭಾರ ಎತ್ತುವ ಸಾಧನವಾಗುತ್ತಿತ್ತು. ಬೀದಿಯುದ್ದಕ್ಕೂ ನೆರೆಮನೆಗಳ ಗಿಡಬೇಲಿಗಳನ್ನು ಹಾರಿ ಹಾರಿ ಓಡುವುದು ಆ ಬಾಲಕಿಯ ನಿತ್ಯದ ಆಟ. ಮುಂದೆ ಲೋಕವೇ ನೋಡಿದ ಹರ್ಡಲ್ಸ್ ಓಟದ ಮೊದಲ ಪಾಠ ಅಲ್ಲಿಯೇ ಆಯಿತು.

ಬೇಬ್ ಎಂಬ ಅಡ್ಡಹೆಸರು ಬಂದುದಕ್ಕೆ ಎರಡು ಕಥೆಗಳಿವೆ. ಬೇಸ್‌ಬಾಲ್ ವೀರ ಬೇಬ್ ರೂತ್ ಅವರಂತೆ ಚೆಂಡನ್ನು ದೂರಕ್ಕೆ ಬಾರಿಸುತ್ತಿದ್ದುದರಿಂದ ಬಂತೆಂಬುದು ಅವರೇ ಹೇಳುತ್ತಿದ್ದ ಕಥೆ. ತಾಯಿ ತಮ್ಮ ನಾರ್ವೆಯ ನುಡಿಯಲ್ಲಿ ಮಗುವನ್ನು ಮುದ್ದಿನಿಂದ ಕರೆಯುತ್ತಿದ್ದ ಹೆಸರೇ ಹೀಗೆ ಉಳಿಯಿತೆಂಬುದು ಇನ್ನೊಂದು. ಊರು ಕೊಟ್ಟ ಹೆಸರೋ ಮನೆಮಾತು ಕೊಟ್ಟ ಹೆಸರೋ, ಕೊನೆಯವರೆಗೂ ಅದೇ ಉಳಿಯಿತು.

1930ರಲ್ಲಿ, ಶಾಲೆಯ ಬಾಸ್ಕೆಟ್‌ಬಾಲ್ ತಂಡದಲ್ಲಿ ಮಿಂಚುತ್ತಿದ್ದ ಈ ಹುಡುಗಿಯನ್ನು ಡಲ್ಲಾಸ್ ನಗರದ ವಿಮಾ ಸಂಸ್ಥೆಯೊಂದು ಕೆಲಸಕ್ಕೆ ಕರೆಯಿತು. ಹೆಸರಿಗೆ ಬೆರಳಚ್ಚಿನ ಕೆಲಸ, ತಿಂಗಳಿಗೆ 75 ಡಾಲರ್ ಸಂಬಳ; ನಿಜವಾಗಿ ಬೇಕಾಗಿದ್ದುದು ಸಂಸ್ಥೆಯ ತಂಡಕ್ಕೆ ಒಬ್ಬ ಆಟಗಾರ್ತಿ. ಸಂಬಳದ ಒಂದು ಪಾಲು ಪ್ರತಿ ತಿಂಗಳೂ ಬೋಮಾಂಟಿನ ಮನೆಗೆ ಹೋಗುತ್ತಿತ್ತು.

1932ರ ಜುಲೈ 16ರಂದು ಇಲಿನಾಯ್ ರಾಜ್ಯದ ಎವನ್‌ಸ್ಟನ್‌ನಲ್ಲಿ ರಾಷ್ಟ್ರೀಯ ಮಹಿಳಾ ಕ್ರೀಡಾಕೂಟ ನಡೆಯಿತು. ಇತರ ಸಂಸ್ಥೆಗಳಿಂದ ದೊಡ್ಡ ತಂಡಗಳು ಬಂದಿದ್ದವು. ಡಲ್ಲಾಸಿನ ಸಂಸ್ಥೆಯಿಂದ ಬೇಬ್ ಒಬ್ಬರೇ. ಒಂದೇ ದಿನ ಎಂಟು ಸ್ಪರ್ಧೆಗಳಲ್ಲಿ ಭಾಗವಹಿಸಿ ಗುಂಡು ಎಸೆತ, ಭರ್ಜಿ ಎಸೆತ, ಉದ್ದ ಜಿಗಿತ, ಬೇಸ್‌ಬಾಲ್ ಎಸೆತ, 80 ಮೀಟರ್ ಹರ್ಡಲ್ಸ್ ಐದರಲ್ಲಿಯೂ ಪ್ರಥಮರಾದರು. ಎತ್ತರ ಜಿಗಿತದಲ್ಲಿ ಪ್ರಥಮ ಸ್ಥಾನವನ್ನು ಹಂಚಿಕೊಂಡರು. ಅವರೊಬ್ಬರೇ ಗಳಿಸಿದ್ದು 30 ಅಂಕ. ಇಪ್ಪತ್ತೆರಡು ಮಂದಿಯಿದ್ದ ಎರಡನೆಯ ತಂಡ ಗಳಿಸಿದ್ದು 22. ತಂಡ ಪ್ರಶಸ್ತಿಯನ್ನು ಏಕಾಂಗಿಯಾಗಿ ಗೆದ್ದು ಹೊತ್ತೊಯ್ದ ಇಂಥ ಇನ್ನೊಂದು ಪ್ರಸಂಗ ಕ್ರೀಡಾ ಚರಿತ್ರೆಯಲ್ಲಿ ವಿರಳ.

ಅದೇ ವರ್ಷ ಲಾಸ್ ಏಂಜಲೀಸ್‌ನಲ್ಲಿ ಒಲಿಂಪಿಕ್ಸ್. ಮಹಿಳೆಯೊಬ್ಬರು ಮೂರಕ್ಕಿಂತ ಹೆಚ್ಚು ವೈಯಕ್ತಿಕ ಸ್ಪರ್ಧೆಗಳಿಗೆ ಇಳಿಯುವಂತಿರಲಿಲ್ಲ. ಬೇಬ್ ಭರ್ಜಿ ಎಸೆತದಲ್ಲಿ ಚಿನ್ನ, 80 ಮೀಟರ್ ಹರ್ಡಲ್ಸ್‌ನಲ್ಲಿ ವಿಶ್ವದಾಖಲೆಯೊಡನೆ ಚಿನ್ನ ಪಡೆದರು. ಎತ್ತರ ಜಿಗಿತದಲ್ಲಿ ಜೀನ್ ಶೈಲಿ ಅವರಷ್ಟೇ ಎತ್ತರವನ್ನು ದಾಟಿದರೂ, ತಲೆ ಮುಂದಾಗಿ ದಾಟಿದ ಅವರ ಶೈಲಿಯನ್ನು ತೀರ್ಪುಗಾರರು ಒಪ್ಪದೆ ಬೆಳ್ಳಿ ಕೊಟ್ಟರು. ಆಗ ಅವರಿಗೆ ಇಪ್ಪತ್ತೊಂದು ವರ್ಷ.

ಕೀರ್ತಿ ಬಂದಷ್ಟೇ ವೇಗವಾಗಿ ಬಾಗಿಲುಗಳೂ ಮುಚ್ಚಿದವು. ಕಾರಿನ ಜಾಹೀರಾತೊಂದರಲ್ಲಿ ಅವರ ಹೆಸರು ಕಾಣಿಸಿಕೊಂಡಿತೆಂಬ ಕಾರಣಕ್ಕೆ ಹವ್ಯಾಸಿ ಕ್ರೀಡಾಪಟುಗಳ ಒಕ್ಕೂಟ ಅವರನ್ನು ಅಮಾನತುಗೊಳಿಸಿತು. ಅಂದು ಹೆಣ್ಣುಮಕ್ಕಳಿಗೆ ಕ್ರೀಡೆಯನ್ನೇ ನಂಬಿ ಬದುಕುವ ದಾರಿ ಇರಲಿಲ್ಲ. ಬೇಬ್ ರಂಗಮಂದಿರಗಳಲ್ಲಿ ಹಾರ್ಮೋನಿಕಾ ನುಡಿಸಿದರು, ಊರೂರು ಸುತ್ತುವ ಬಾಸ್ಕೆಟ್‌ಬಾಲ್ ಮತ್ತು ಬೇಸ್‌ಬಾಲ್ ತಂಡಗಳಲ್ಲಿ ಆಡಿದರು. ಪತ್ರಿಕೆಗಳು ಅವರ ಗಟ್ಟಿ ದೇಹವನ್ನೂ ಗಿಡ್ಡ ಕೂದಲನ್ನೂ ಗೇಲಿ ಮಾಡಿದವು. ಹೆಣ್ಣಾದವಳು ಮನೆಯಲ್ಲಿರಬೇಕೆಂದು ಬರೆದ ಅಂಕಣಕಾರರೂ ಇದ್ದರು. ಗಳಿಸಿದ ಹಣವೂ ಮುಖ್ಯವಾಗಿ ತಂದೆತಾಯಿಯರ ಪೋಷಣೆಗೇ ಹೋಯಿತು.

ಆಗ ಅವರು ಗಾಲ್ಫ್ ಕೋಲನ್ನು ಗಂಭೀರವಾಗಿ ಕೈಗೆತ್ತಿಕೊಂಡರು. ಅಂಗೈ ಬೊಬ್ಬೆಯೊಡೆದು ರಕ್ತ ಬರುವವರೆಗೂ ಅಭ್ಯಾಸ. ಮೇಲೆ ಪಟ್ಟಿ ಸುತ್ತಿಕೊಂಡು ಮತ್ತೆ ಅಭ್ಯಾಸ. 1935ರಲ್ಲಿ ಟೆಕ್ಸಸ್ ಮಹಿಳಾ ಹವ್ಯಾಸಿ ಪಂದ್ಯ ಗೆದ್ದರು. ಕೂಡಲೇ ಗಾಲ್ಫ್ ಸಂಘ ಅವರನ್ನು ವೃತ್ತಿಪರರೆಂದು ಘೋಷಿಸಿ ಹವ್ಯಾಸಿ ಪಂದ್ಯಗಳಿಂದ ಹೊರಗಿಟ್ಟಿತು. ಬೇರೆ ಆಟಗಳಲ್ಲಿ ಹಣ ಪಡೆದದ್ದೇ ಅದಕ್ಕೆ ಕಾರಣ. ಮಹಿಳೆಯರಿಗೆ ವೃತ್ತಿಪರ ಪಂದ್ಯಗಳೋ ಬೆರಳೆಣಿಕೆಯಷ್ಟು. 1938ರಲ್ಲಿ ಅವರು ಪುರುಷರ ಲಾಸ್ ಏಂಜಲೀಸ್ ಓಪನ್‌ಗೇ ಇಳಿದರು. ಅಲ್ಲಿ ಜೊತೆಗೆ ಆಡಿದ ಕುಸ್ತಿಪಟು ಜಾರ್ಜ್ ಜಹಾರಿಯಸ್, ಗ್ರೀಕ್ ವಲಸಿಗರ ಮಗ, ಅದೇ ವರ್ಷದ ಡಿಸೆಂಬರಿನಲ್ಲಿ ಅವರ ಪತಿಯಾದರು. ಪತಿಯ ಗಳಿಕೆಯ ಆಸರೆಯಿಂದ ಬೇಬ್ ಕೆಲವು ವರ್ಷ ಆಟದಿಂದ ಒಂದು ಡಾಲರನ್ನೂ ಪಡೆಯದೆ ಕಾದು, 1943ರಲ್ಲಿ ಹವ್ಯಾಸಿ ಸ್ಥಾನವನ್ನು ಮರಳಿ ಪಡೆದರು. 1946ರಲ್ಲಿ ಅಮೆರಿಕದ ಹವ್ಯಾಸಿ ಪ್ರಶಸ್ತಿ ಅವರದಾಯಿತು. 1947ರಲ್ಲಿ ಸ್ಕಾಟ್ಲೆಂಡಿನ ಗಲನ್‌ನಲ್ಲಿ ಬ್ರಿಟಿಷ್ ಮಹಿಳಾ ಹವ್ಯಾಸಿ ಪ್ರಶಸ್ತಿಯನ್ನು ಗೆದ್ದ ಮೊದಲ ಅಮೆರಿಕನ್ ಆದರು. ಅದೇ ವರ್ಷ ಮತ್ತೆ ವೃತ್ತಿಪರರಾದರು.

ಆದರೆ ಆಡಲು ಟೂರ್ ಎಲ್ಲಿತ್ತು? ಇಲ್ಲದ್ದನ್ನು ಕಟ್ಟಿಕೊಳ್ಳಬೇಕಾಯಿತು. 1950ರಲ್ಲಿ ಹದಿಮೂರು ಆಟಗಾರ್ತಿಯರು ಸೇರಿ ಮಹಿಳಾ ವೃತ್ತಿಪರ ಗಾಲ್ಫ್ ಸಂಘವನ್ನು, ಅಂದರೆ ಇಂದಿನ ಎಲ್‌ಪಿಜಿಎಯನ್ನು, ಸ್ಥಾಪಿಸಿದರು. ಪ್ಯಾಟಿ ಬರ್ಗ್ ಮೊದಲ ಅಧ್ಯಕ್ಷೆ. ಸ್ಥಾಪಕರಲ್ಲಿ ಅತಿ ಕಿರಿಯಳಾದ ಮಾರ್ಲಿನ್ ಬಾವರ್‌ಗೆ ಹದಿನಾರು ವರ್ಷ. ತಮ್ಮ ಕಾರುಗಳಲ್ಲಿಯೇ ಊರಿಂದೂರಿಗೆ ಹೋಗುವುದು, ಮೈದಾನವನ್ನು ತಾವೇ ಅಣಿಗೊಳಿಸುವುದು, ನಿಯಮಗಳ ತಕರಾರನ್ನು ತಾವೇ ಬಗೆಹರಿಸುವುದು, ಪತ್ರಿಕೆಗಳಿಗೆ ತಾವೇ ಸುದ್ದಿ ಕೊಡುವುದು, ಇವೆಲ್ಲ ಆಟದ ಜೊತೆಗಿನ ಕೆಲಸಗಳು. ಜನರನ್ನು ಮೈದಾನಕ್ಕೆ ಸೆಳೆಯುತ್ತಿದ್ದುದು ಮುಖ್ಯವಾಗಿ ಬೇಬ್ ಅವರ ಹೆಸರು. ಆ ವರ್ಷ 14,800 ಡಾಲರ್ ಗಳಿಸಿ ಅವರು ಸಂಪಾದನೆಯಲ್ಲಿಯೂ ಮೊದಲಿಗರಾದರು.

ಅವರನ್ನು ದೇವತೆಯೆಂದು ಚಿತ್ರಿಸಬೇಕಾಗಿಲ್ಲ. ಬೇಬ್ ಜಂಬ ಕೊಚ್ಚುತ್ತಿದ್ದರು, ಎದುರಾಳಿಗಳನ್ನು ಕೆಣಕುತ್ತಿದ್ದರು, ಇತರರಿಗೆ ಇಲ್ಲದ ಹಣವನ್ನು ತಮಗೆ ಬೇಕೆಂದು ಕೇಳುತ್ತಿದ್ದರು. ಒಲಿಂಪಿಕ್ಸ್ ಕಾಲದ ಜೊತೆಗಾರ್ತಿಯರಲ್ಲಿ ಹಲವರಿಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಆದರೂ ಅವರಿಲ್ಲದ ಟೂರ್ ನಿಲ್ಲುವುದು ಕಷ್ಟವೆಂದು ಎಲ್ಲರೂ ಬಲ್ಲರು.

1953ರ ಏಪ್ರಿಲ್ ತಿಂಗಳಲ್ಲಿ, ಬೋಮಾಂಟಿನಲ್ಲಿ ತಮ್ಮದೇ ಹೆಸರಿನ ಪಂದ್ಯವನ್ನು ಗೆದ್ದ ಬೆನ್ನಿಗೇ, ವೈದ್ಯರು ಗುದನಾಳದ ಕ್ಯಾನ್ಸರ್ ಇರುವುದನ್ನು ಪತ್ತೆಹಚ್ಚಿದರು. ಏಪ್ರಿಲ್ 17ರಂದು ಶಸ್ತ್ರಚಿಕಿತ್ಸೆ ನಡೆಯಿತು. ರೋಗಗ್ರಸ್ತ ಭಾಗವನ್ನು ತೆಗೆದು, ಮಲವಿಸರ್ಜನೆಗೆ ಹೊಟ್ಟೆಯ ಮೇಲೆ ದ್ವಾರ ಮಾಡುವ ಈ ಚಿಕಿತ್ಸೆಗೆ ಕೊಲೊಸ್ಟಮಿ ಎಂದು ಹೆಸರು. ರೋಗ ದುಗ್ಧಗ್ರಂಥಿಗಳಿಗೂ ಹರಡಿತ್ತು. ಈ ಸಂಗತಿಯನ್ನು ವೈದ್ಯರು ಪತಿ ಜಾರ್ಜ್‌ಗೂ ಆಪ್ತ ಗೆಳತಿ, ಯುವ ಆಟಗಾರ್ತಿ ಬೆಟ್ಟಿ ಡಾಡ್‌ಗೂ ತಿಳಿಸಿದರು. ಬೇಬ್‌ಗೆ ತಿಳಿಸಲಿಲ್ಲ. ಆಸ್ಪತ್ರೆಯ ಕೋಣೆಯಲ್ಲಿ ಕಣ್ಣಿಗೆ ಕಾಣುವಂತೆ ಗಾಲ್ಫ್ ಕೋಲುಗಳನ್ನು ಇರಿಸಿಕೊಂಡು ಅವರು ಮತ್ತೆ ಆಡುವ ದಿನವನ್ನು ಎಣಿಸುತ್ತಿದ್ದರು. ಪಕ್ಕದಲ್ಲಿದ್ದ ಇಬ್ಬರು ಸತ್ಯವನ್ನು ನುಂಗಿಕೊಂಡು ನಗುತ್ತಿದ್ದರು.

ಮೂರೂವರೆ ತಿಂಗಳಲ್ಲಿ ಅವರು ಷಿಕಾಗೊದ ಟ್ಯಾಮ್ ಓ'ಷಾಂಟರ್ ಮೈದಾನಕ್ಕೆ ಮರಳಿದರು. ಮೊದಲ ಪಂದ್ಯದಲ್ಲಿ ನಡುದಾರಿಯಲ್ಲಿಯೇ ದಣಿವು ಮೀರಿ ಅತ್ತರು. ಸಾಕು ಮಾಡೆಂದು ಆಪ್ತರು ಹೇಳಿದರೂ ಬಿಡದೆ ಪಂದ್ಯ ಮುಗಿಸಿದರು.

ಆಮೇಲೆ ಬಂದುದು 1954ರ ಋತು. ಫೆಬ್ರವರಿಯಲ್ಲಿ ಫ್ಲೋರಿಡಾದ ಮಯಾಮಿ ಬೀಚ್‌ನಲ್ಲಿ ಸರ್ಬಿನ್ ಓಪನ್ ಗೆದ್ದರು. ಶಸ್ತ್ರಚಿಕಿತ್ಸೆಯ ಬಳಿಕ ಮೊದಲ ಗೆಲುವು. ಮುಂದೆ ಸರಸೋಟ ಓಪನ್, ನ್ಯಾಷನಲ್ ಕ್ಯಾಪಿಟಲ್ ಓಪನ್. ಬಳಿಕ ಜುಲೈಯಲ್ಲಿ ಸೇಲಂ. ನಾಲ್ಕು ಸುತ್ತುಗಳಲ್ಲಿ ಅವರ ಒಟ್ಟು ಹೊಡೆತಗಳು 291. ಎರಡನೆಯವರಾದ ಬೆಟ್ಟಿ ಹಿಕ್ಸ್ ಅವರಿಗಿಂತ ಹನ್ನೆರಡು ಕಡಿಮೆ. ಇದು ಅವರ ಮೂರನೆಯ ಯು.ಎಸ್. ಓಪನ್, ಮೊದಲಿನವು 1948 ಮತ್ತು 1950ರವು. ಆಗಸ್ಟಿನಲ್ಲಿ, ವರ್ಷದ ಹಿಂದೆ ಅತ್ತಿದ್ದ ಅದೇ ಟ್ಯಾಮ್ ಓ'ಷಾಂಟರ್‌ನಲ್ಲಿ ಆಲ್ ಅಮೆರಿಕನ್ ಓಪನ್ ಕೂಡ ಅವರದಾಯಿತು. ಒಟ್ಟು ಐದು ಗೆಲುವು. ಋತುವಿನಲ್ಲಿ ಸರಾಸರಿ ಅತಿ ಕಡಿಮೆ ಹೊಡೆತ ಪಡೆದವರಿಗೆ ಸಲ್ಲುವ ವೇರ್ ಟ್ರೋಫಿಯೂ ಅವರ ಕೈಸೇರಿತು. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ವರ್ಷದ ಶ್ರೇಷ್ಠ ಕ್ರೀಡಾಮಹಿಳೆಯೆಂದು ಆರನೆಯ ಬಾರಿ ಅವರನ್ನೇ ಆರಿಸಿತು.

ಆದರೆ ಆ ಋತುವಿನ ದೊಡ್ಡ ಕೆಲಸ ಅಂಕಪಟ್ಟಿಯಲ್ಲಿ ಇಲ್ಲ. ಆ ಕಾಲದಲ್ಲಿ ಕ್ಯಾನ್ಸರ್ ಎಂಬ ಪದವನ್ನೇ ಮನೆಗಳಲ್ಲಿ ಪಿಸುಮಾತಿನಲ್ಲಿ ಆಡುತ್ತಿದ್ದರು. ರೋಗಿಗೂ ತಿಳಿಸದೆ ಮುಚ್ಚಿಡುವುದು ವಾಡಿಕೆ. ದೇಹದ ಆ ಭಾಗದ ರೋಗವೆಂದರಂತೂ ನಾಚಿಕೆ. ಬೇಬ್ ತಮ್ಮ ರೋಗವನ್ನೂ ಶಸ್ತ್ರಚಿಕಿತ್ಸೆಯನ್ನೂ ಮುಚ್ಚಿಡಲಿಲ್ಲ. 1954ರ ಏಪ್ರಿಲ್‌ನಲ್ಲಿ ಶ್ವೇತಭವನದಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅವರೊಡನೆ ಕ್ಯಾನ್ಸರ್ ನಿಧಿಸಂಗ್ರಹ ಅಭಿಯಾನದ ಆರಂಭದಲ್ಲಿ ಪಾಲ್ಗೊಂಡರು. ಆಡಲು ಹೋದ ಊರುಗಳಲ್ಲಿ ಆಸ್ಪತ್ರೆಗಳಿಗೆ ಹೋಗಿ ರೋಗಿಗಳ ಜೊತೆ ಕುಳಿತರು. ಅವರಿಗೆ ಸಾವಿರಾರು ಪತ್ರಗಳು ಬಂದವು. ತಮ್ಮ ರೋಗದ ಪೂರ್ಣ ಸತ್ಯ ತಿಳಿಯದವರೊಬ್ಬರು ಲಕ್ಷಾಂತರ ಜನರಿಗೆ ಸತ್ಯವನ್ನು ಬಾಯಿಬಿಟ್ಟು ಹೇಳುವ ಧೈರ್ಯ ಕೊಟ್ಟದ್ದು ಈ ಬದುಕಿನ ಕರುಣಾಜನಕ ವೈಚಿತ್ರ್ಯ.

1955ರಲ್ಲಿ ಇನ್ನೆರಡು ಪಂದ್ಯ ಗೆದ್ದರು. ಆಮೇಲೆ ಬೆನ್ನುನೋವು ಹೆಚ್ಚಿತು, ಕ್ಯಾನ್ಸರ್ ಮರಳಿತ್ತು. ಆ ವರ್ಷ ತಮ್ಮ ಆತ್ಮಕಥೆಯನ್ನು ಪ್ರಕಟಿಸಿದರು. ಕ್ಯಾನ್ಸರ್ ಚಿಕಿತ್ಸೆಗೆ ನೆರವಾಗಲು ತಮ್ಮ ಹೆಸರಿನಲ್ಲಿ ನಿಧಿಯೊಂದನ್ನು ಸ್ಥಾಪಿಸಿದರು. 1956ರ ಸೆಪ್ಟೆಂಬರ್ 27ರಂದು ಟೆಕ್ಸಸ್‌ನ ಗ್ಯಾಲ್ವೆಸ್ಟನ್ ಆಸ್ಪತ್ರೆಯಲ್ಲಿ ನಲವತ್ತೈದನೆಯ ವಯಸ್ಸಿನಲ್ಲಿ ನಿಧನರಾದರು. ಬೇಲಿ ಹಾರುತ್ತ ಬೆಳೆದ ಬೋಮಾಂಟಿನಲ್ಲಿಯೇ ಅವರ ಸಮಾಧಿಯಿದೆ. ಅವರ ಹೆಸರಿನ ವಸ್ತುಸಂಗ್ರಹಾಲಯವೂ ಇದೆ.

ಹದಿಮೂರು ಮಂದಿ ತಮ್ಮ ಕಾರುಗಳಲ್ಲಿ ಸುತ್ತಾಡಿ ಕಟ್ಟಿದ ಆ ಸಂಘ ಇಂದು ಹಲವು ದೇಶಗಳಲ್ಲಿ ಪಂದ್ಯ ನಡೆಸುತ್ತಿದೆ. ಅದರಲ್ಲಿ ಆಡುವ ಹೆಣ್ಣುಮಕ್ಕಳು ನಾನಾ ನುಡಿಗಳ ಮನೆಗಳಿಂದ ಬಂದವರು. ನಮ್ಮ ಶಾಲೆಗಳ ಕ್ರೀಡಾಕೂಟದ ಪಟ್ಟಿಯಲ್ಲಿ ಮಗಳ ಹೆಸರು ಬರೆಸಲು ಈ ವರ್ಷವೂ ಕೆಲವು ಪಾಲಕರು ಹಿಂದೆಮುಂದೆ ನೋಡಬಹುದು. ಅವರು ಆ ಬಡಗಿ ತಂದೆಯನ್ನೂ, ತನ್ನ ಇಸ್ತ್ರಿಪೆಟ್ಟಿಗೆಯನ್ನು ಮಗಳ ಕೈಗೆ ಬಿಟ್ಟುಕೊಟ್ಟ ಆ ತಾಯಿಯನ್ನೂ ಒಮ್ಮೆ ನೆನೆಯಲಿ.