ವಿಜ್ಞಾನಿ ವಾಲೇಸನ ಆತ್ಮಾನ್ವೇಷಣೆ

ಹೊರಗಣ ಪ್ರಪಂಚವನ್ನು ಶೋಧಿಸುವುದು ವಿಜ್ಞಾನ; ಒಳಗಣ ತತ್ತ್ವವನ್ನು ಅರಸುವುದು ಧರ್ಮ. ಇವೆರಡರ ನಡುವಣ ಮಬ್ಬಿನಲ್ಲಿ ಪ್ರೇತಸಂಭಾಷಣೆ, ಪವಾಡ ಮೊದಲಾದ ಗೂಢವಿದ್ಯೆಗಳು ನೆಲಸಿವೆ. ಈ ಮೂರು ನೆಲೆಗಳಲ್ಲಿಯೂ ಸಂಚರಿಸಿದ ಮಹಾಜಿಜ್ಞಾಸು ಆಲ್ಫ್ರೆಡ್ ರಸೆಲ್ ವಾಲೇಸನು. ಆತನ ಬಾಳು ಸಾಧಕನಿಗೆ ಆದರ್ಶವೂ ಹೌದು, ಎಚ್ಚರಿಕೆಯೂ ಹೌದು.

ವಾಲೇಸನು 1823ನೆಯ ಇಸವಿ ಜನವರಿ 8ರಂದು ವೇಲ್ಸ್ ಪ್ರಾಂತದ ಅಸ್ಕ್ ಎಂಬ ಊರಿನ ಬಳಿ ಜನಿಸಿದನು. ಬಡತನದ ದೆಸೆಯಿಂದ 14ನೆಯ ವಯಸ್ಸಿಗೇ ಶಾಲೆಯನ್ನು ಬಿಟ್ಟು ಅಣ್ಣನೊಡನೆ ಭೂಮಾಪನದ ಕೆಲಸಕ್ಕೆ ನಿಂತನು. ಹೊಲಗಳನ್ನು ಅಳೆಯುತ್ತ ತಿರುಗುವಾಗ ಗಿಡಮರಗಳಲ್ಲಿ ಆತನಿಗೆ ಅಕ್ಕರೆ ಹುಟ್ಟಿತು. ತಾರುಣ್ಯದಲ್ಲಿಯೇ ಸಂಪ್ರದಾಯದ ಮತದಲ್ಲಿ ನಂಬುಗೆ ಸಡಿಲಿತು.

1848ರಲ್ಲಿ ಆತನು ಅಮೆಜಾನ್ ನದಿಯ ಅರಣ್ಯಗಳಿಗೆ ಹೊರಟನು. ನೆರವಿಗೆಂದು ಬಂದ ತಮ್ಮನು 1851ರಲ್ಲಿ ಹಳದಿಜ್ವರಕ್ಕೆ ತುತ್ತಾದನು. 1852ರಲ್ಲಿ ಹಿಂದಿರುಗುವಾಗ ಹಡಗಿಗೆ ನಡುಗಡಲಿನಲ್ಲಿ ಬೆಂಕಿ ಬಿದ್ದು, ಜೊತೆಯಲ್ಲಿ ತರುತ್ತಿದ್ದ ಸಂಗ್ರಹವೆಲ್ಲ ಬಹುಮಟ್ಟಿಗೆ ಬೂದಿಯಾಯಿತು. ಆದರೂ ಎದೆಗುಂದದೆ 1854ರಿಂದ 1862ರವರೆಗೆ ಮಲಯ ದ್ವೀಪಗಳಲ್ಲಿ ಅಲೆದು, 1,25,000ಕ್ಕೂ ಹೆಚ್ಚು ಜೀವಿಗಳ ಮಾದರಿಗಳನ್ನು ಕೂಡಿಸಿದನು. ಅಲ್ಲಿ 1858ರಲ್ಲಿ ಜ್ವರದಿಂದ ಮಲಗಿದ್ದಾಗ, ಪ್ರಕೃತಿಯ ಆಯ್ಕೆಯಿಂದ ಜೀವಜಾತಿಗಳು ಮಾರ್ಪಡುವವೆಂಬ ತತ್ತ್ವ ಆತನಿಗೆ ಹೊಳೆಯಿತು. ಅದನ್ನು ಬರೆದು ಡಾರ್ವಿನ್ನನಿಗೆ ಕಳುಹಿದನು. ಡಾರ್ವಿನ್ನನೂ ಇಪ್ಪತ್ತು ವರ್ಷಗಳಿಂದ ಅದನ್ನೇ ಚಿಂತಿಸುತ್ತಿದ್ದನು. ಆ ವರ್ಷದ ಜುಲೈ 1ರಂದು ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಇಬ್ಬರ ಬರಹಗಳನ್ನೂ ಓದಲಾಯಿತು. ಕೀರ್ತಿಯ ಹೆಚ್ಚಿನ ಪಾಲು ಡಾರ್ವಿನ್ನನಿಗೆ ಸಂದಿತು. ವಾಲೇಸನು ಅಸೂಯೆಪಡಲಿಲ್ಲ, 1889ರಲ್ಲಿ ತಾನು ಬರೆದ ಗ್ರಂಥಕ್ಕೆ ಡಾರ್ವಿನಿಸಂ ಎಂದೇ ಹೆಸರಿಟ್ಟನು.

ಇಂತಹ ವಿಜ್ಞಾನಿಯು 1865ರಿಂದ ಪ್ರೇತಾವಾಹನೆಯ ಗೋಷ್ಠಿಗಳಿಗೆ ಹೋಗತೊಡಗಿದನು. ಮಬ್ಬುಗತ್ತಲೆಯಲ್ಲಿ ಮೇಜು ಅಲುಗುವುದು, ಸದ್ದು ಕೇಳುವುದು ಅವನಿಗೆ ಪರಲೋಕದ ಸಾಕ್ಷಿಯಾಗಿ ಕಂಡಿತು. ಆತನೊಳಗೆ ಇನ್ನೊಂದು ಗಂಭೀರವಾದ ಪ್ರಶ್ನೆಯೂ ಇದ್ದಿತು. ಹೊಟ್ಟೆಪಾಡಿನ ಹೋರಾಟದಿಂದಲೇ ದೇಹವು ರೂಪುಗೊಂಡಿದ್ದರೆ ಗಣಿತ, ಸಂಗೀತ, ಧರ್ಮಬುದ್ಧಿಗಳು ಮಾನವನಿಗೆ ಎಲ್ಲಿಂದ ಬಂದವು? ಇವಕ್ಕೆ ಉನ್ನತವಾದ ಚೇತನವೊಂದು ಕಾರಣವೆಂದು 1869ರಲ್ಲಿ ಆತನು ಪ್ರಕಟವಾಗಿ ಬರೆದನು. ಡಾರ್ವಿನ್ನನಿಗೆ ಇದರಿಂದ ಬಹಳ ವ್ಯಥೆಯಾಯಿತು.

1870ರಲ್ಲಿ ಭೂಮಿಯು ಚಪ್ಪಟೆಯೆಂದು ಸಾಧಿಸುತ್ತಿದ್ದವನೊಬ್ಬನು 500 ಪೌಂಡಿನ ಪಂಥವನ್ನೊಡ್ಡಿದನು. ವಾಲೇಸನು ಬೆಡ್ಫರ್ಡ್ ಕಾಲುವೆಯ ಆರು ಮೈಲಿಗಳ ನೇರ ಹರವಿನಲ್ಲಿ, ನೀರಿನ ಮಟ್ಟದಿಂದ ಒಂದೇ ಎತ್ತರದಲ್ಲಿ ಗುರುತುಗಳನ್ನು ನಿಲ್ಲಿಸಿ, ದೂರದರ್ಶಕದಿಂದ ನೋಡಿ, ನಡುವಣ ಗುರುತು ಮೇಲೆದ್ದು ಕಾಣುವುದನ್ನು ತೋರಿಸಿ ಗೆದ್ದನು. ಆದರೆ 1874ರಲ್ಲಿ, ಪ್ರೇತಗಳ ಚಿತ್ರ ತೆಗೆಯುವೆನೆಂದು ಹೇಳಿಕೊಳ್ಳುತ್ತಿದ್ದ ಹಡ್ಸನ್ ಎಂಬ ಛಾಯಾಗ್ರಾಹಕನ ಮುಂದೆ ಕುಳಿತು, ಫಲಕದಲ್ಲಿ ಮೂಡಿದ ಮಸುಕಾದ ಆಕೃತಿಯನ್ನು ತೀರಿಹೋಗಿದ್ದ ತನ್ನ ತಾಯಿಯೆಂದೇ ಬಗೆದನು. ಒಂದೇ ಗಾಜಿನ ಫಲಕಕ್ಕೆ ಎರಡು ಬಾರಿ ಬೆಳಕು ತಾಕಿಸಿದರೆ ಇಂತಹ ನೆರಳು ಮೂಡುವುದು. ಆ ಛಾಯಾಗ್ರಾಹಕನ ಮೇಲೆ ಅದಕ್ಕೆ ಮೊದಲೇ ವಂಚನೆಯ ಆರೋಪ ಬಂದಿದ್ದಿತು. ಕೆಲವೇ ವಾರಗಳಲ್ಲಿ ಆತನ ಆರು ವರ್ಷದ ಮಗನೂ ತೀರಿಕೊಂಡನು. ಅಗಲಿದವರನ್ನು ಮತ್ತೆ ಕಾಣಬೇಕೆಂಬ ಹಂಬಲ ಎಂತಹ ಪರೀಕ್ಷಕನ ಕಣ್ಣನ್ನೂ ತೇವಗೊಳಿಸುವುದು.

ಪ್ರೇತವಾದದ ನಂಬಿಕೆಯಿಂದ ವಾಲೇಸನು ವಿದ್ವಾಂಸರ ಅಪಹಾಸ್ಯಕ್ಕೆ ಗುರಿಯಾದನು. ಆದರೂ ಆತನು ಕಷ್ಟದಲ್ಲಿರುವುದನ್ನು ಕಂಡು ಡಾರ್ವಿನ್ನನೇ ಮುಂದೆ ನಿಂತು ಯತ್ನಿಸಿದುದರಿಂದ 1881ರಲ್ಲಿ ವರ್ಷಕ್ಕೆ 200 ಪೌಂಡಿನ ಸರಕಾರಿ ವೇತನ ದೊರೆಯಿತು. ಮತಭೇದವು ಸ್ನೇಹವನ್ನು ಕೆಡಿಸಲಿಲ್ಲ. 1913ನೆಯ ನವೆಂಬರ್ 7ರಂದು, 90ನೆಯ ವಯಸ್ಸಿನಲ್ಲಿ, ಇಂಗ್ಲೆಂಡಿನ ಬ್ರಾಡ್‌ಸ್ಟೋನ್ ಎಂಬಲ್ಲಿ ಆತನು ದೇಹವಿಟ್ಟನು.

ಕಾಲುವೆಯ ದಡದಲ್ಲಿ ಅಳತೆಗೋಲು ವಾಲೇಸನ ಕೈಯಲ್ಲಿದ್ದಿತು. ಪ್ರೇತಗೋಷ್ಠಿಯ ಕತ್ತಲೆಯಲ್ಲಿ ಅದು ಪರೀಕ್ಷೆಗೊಳಗಾಗಬೇಕಾದವರ ಕೈಗೆ ಹೋಗಿದ್ದಿತು. ಆತನ ಪ್ರಶ್ನೆ ಹಿರಿದು. ಅದಕ್ಕೆ ಆಯ್ದುಕೊಂಡ ಸಾಕ್ಷಿ ಕಿರಿದು. ಚೇತನದ ಮಹಿಮೆಗೆ ಅಲುಗುವ ಮೇಜಿನ ಆಸರೆ ಬೇಕಿಲ್ಲ. ಕಷ್ಟದಲ್ಲಿ ಕುಗ್ಗದ ಧೈರ್ಯ, ಕೀರ್ತಿಗೆ ಕರುಬದ ಔದಾರ್ಯ, ನಂಬಿದುದನ್ನು ಮರೆಮಾಚದ ನೇರವಂತಿಕೆ, ಇವು ವಾಲೇಸನ ನಡೆಯಲ್ಲಿಯೇ ಇದ್ದವು. ಹೊರಗೆ ಕುರುಹನ್ನು ಅರಸಿದವನ ಒಳಗೇ ಅರಿವಿನ ಬೆಳಕು ಬೆಳಗುತ್ತಿದ್ದಿತು.