ಬೆನಗಲ್ ನರಸಿಂಗ ರಾವ್: ಗಡಿ ಮೀರಿದ ನ್ಯಾಯದ ಹಾದಿಯಲ್ಲಿ

ತಿಕೋಟಾದಲ್ಲಿ ಕೊಲೆ ಮಾಡಿ ಮಹಾರಾಷ್ಟ್ರದ ಜತ್ತಕ್ಕೆ ಓಡಿದವನನ್ನು ಪೊಲೀಸರು ಹಿಡಿದು ವಿಜಯಪುರದ ನ್ಯಾಯಾಲಯಕ್ಕೆ ತರಬಲ್ಲರು. ಆದರೆ ಕೊಲೆಯ ಆಜ್ಞೆಯನ್ನು ಒಂದು ದೇಶದ ಸರ್ಕಾರವೇ ಹೊರಡಿಸಿದ್ದರೆ ವಿಚಾರಣೆ ನಡೆಸುವವರು ಯಾರು? ಎರಡನೇ ಮಹಾಯುದ್ಧದ ತರುವಾಯ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡ ವಿಶ್ವಸಂಸ್ಥೆಯ ಅಂತಾರಾಷ್ಟ್ರೀಯ ಕಾನೂನು ಆಯೋಗದ ಮೊದಲ ಸದಸ್ಯರಲ್ಲಿ ಕನ್ನಡ ಕರಾವಳಿಯ ಬೆನಗಲ್ ನರಸಿಂಗ ರಾಯರೂ ಒಬ್ಬರು.

1887ರ ಫೆಬ್ರವರಿ 26ರಂದು ಜನಿಸಿದ ರಾಯರು ಮಂಗಳೂರಿನ ಕೆನರಾ ಹೈಸ್ಕೂಲು, ಮದರಾಸು, ಕೇಂಬ್ರಿಜ್‌ಗಳಲ್ಲಿ ಓದಿ ಐ.ಸಿ.ಎಸ್. ಸೇರಿದರು. ಕಲಕತ್ತಾ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದರು. 1946ರಲ್ಲಿ ಸಂವಿಧಾನ ಸಭೆಯ ಸಲಹೆಗಾರರಾಗಿ, ಮುಂದೆ ಮೊದಲ ಕರಡನ್ನು ಸಿದ್ಧಪಡಿಸಿದರು. ನಾಡು ಅವರನ್ನು ನೆನೆಯುವುದು, ನೆನೆದರೆ, ಇದಕ್ಕಾಗಿಯೇ.

ಆಯೋಗವು 1949ರಲ್ಲಿ ಕೆಲಸ ಆರಂಭಿಸಿ 1950ರಲ್ಲಿ ನ್ಯೂರೆಂಬರ್ಗ್ ವಿಚಾರಣೆಯ ಏಳು ತತ್ವಗಳನ್ನು ನಿರೂಪಿಸಿತು. ರಾಷ್ಟ್ರಾಧ್ಯಕ್ಷನೆಂಬ ಪದವಿ ಅಪರಾಧಿಯನ್ನು ರಕ್ಷಿಸದು. ಬೇರೆ ದಾರಿಯಿದ್ದವನಿಗೆ ಮೇಲಧಿಕಾರಿಯ ಆಜ್ಞೆಯೆಂಬ ನೆಪ ನಡೆಯದು. ಆರೋಪಿಗೂ ನ್ಯಾಯಯುತ ವಿಚಾರಣೆಯ ಹಕ್ಕುಂಟು. ಇದರ ಶ್ರೇಯ ರಾಯರೊಬ್ಬರಿಗೇ ಸಲ್ಲದು. ಆ ವರ್ಷದ ಜೂನ್‌ನಲ್ಲಿ ಕೊರಿಯಾ ಯುದ್ಧ ಹೊತ್ತಿಕೊಂಡಾಗ ಅವರು ನ್ಯೂಯಾರ್ಕಿನಲ್ಲಿ ಭದ್ರತಾ ಮಂಡಳಿಯ ಅಧ್ಯಕ್ಷಪೀಠದಲ್ಲಿದ್ದರು.

1952ರಲ್ಲಿ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಅಲ್ಲಿ ರಾಷ್ಟ್ರಗಳ ವ್ಯಾಜ್ಯಗಳಷ್ಟೇ ತೀರ್ಮಾನವಾಗುತ್ತವೆ, ವ್ಯಕ್ತಿಗಳಿಗೆ ಶಿಕ್ಷೆಯಿಲ್ಲ. ಆಯೋಗದಲ್ಲಿ ಅವರ ನಂತರ ಬಂದ ಭಾರತೀಯರು ರಾಧಾಬಿನೋದ ಪಾಲ್. ಟೋಕಿಯೋ ವಿಚಾರಣೆಯಲ್ಲಿ ಆರೋಪಿಗಳೆಲ್ಲರನ್ನೂ ನಿರ್ದೋಷಿಗಳೆಂದ ನ್ಯಾಯಮೂರ್ತಿ! ರಾಯರು 1953ರ ನವೆಂಬರ್ 30ರಂದು ಜ್ಯೂರಿಚ್‌ನಲ್ಲಿ ನಿಧನರಾದರು. ವ್ಯಕ್ತಿಗಳನ್ನೇ ವಿಚಾರಿಸುವ ಶಾಶ್ವತ ನ್ಯಾಯಾಲಯ ಹೇಗ್‌ನಲ್ಲಿ ಅಸ್ತಿತ್ವಕ್ಕೆ ಬಂದದ್ದು 2002ರಲ್ಲಿ; ಅದರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ.